ಒಂದು ಆಟ, ಆರು ಕ್ಯಾಸೆಟ್, ನಾಲ್ಕು ಫೋಲ್ಡರ್: ಶಿರಸಿ ಸೀಮೆಯ ಒಂದು ಯಕ್ಷಗಾನ ಸಂಗ್ರಹ ಡೇಟಾಬೇಸಿಗೆ ಬಂದ ಪ್ರಕರಣ

ಶಿರಸಿ ತಾಲೂಕಿನ ಒಂದು ಮನೆಯ ಮೆತ್ತಿನಲ್ಲಿ (ಮಹಡಿಯಲ್ಲಿ) ಎರಡು ಕಬ್ಬಿಣದ ಟ್ರಂಕು, ಅದರೊಳಗೆ 412 ಕ್ಯಾಸೆಟ್. ಬಹುತೇಕ ಎಲ್ಲವೂ 90 ನಿಮಿಷದವು. ಮನೆಯ ಅಜ್ಜ ರಂಗಸ್ಥಳದ ಬುಡದಲ್ಲಿ ಕೂತು, ಟೇಪ್ ರೆಕಾರ್ಡರಿಗೆ ಹೊಸ ಸೆಲ್ಲು ಹಾಕಿಕೊಂಡು, ರಾತ್ರಿ ಬೆಳಗಾಗುವವರೆಗೆ ಹಿಡಿದಿಟ್ಟ ಬಯಲಾಟಗಳು. ಮಳೆಗಾಲದಲ್ಲಿ ಮನೆ ಜಗುಲಿಯಲ್ಲಿ, ದೇವಸ್ಥಾನದ ಚಂದ್ರಶಾಲೆಯಲ್ಲಿ, ವೇಷ ಕುಣಿತ ಇಲ್ಲದೆ ಕೂತು ನಡೆಸಿದ ತಾಳಮದ್ದಳೆಗಳು. ಅಜ್ಜನ ಮಗ ಇವನ್ನೆಲ್ಲ ಕಂಪ್ಯೂಟರಿಗೆ ಇಳಿಸಿದರು. ಕ್ಯಾಸೆಟ್ ಓಡುವಷ್ಟೇ ಹೊತ್ತು ಇಳಿಸಲಿಕ್ಕೂ ಬೇಕು, ಅಂದರೆ 618 ಗಂಟೆ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊ ವೇವ್ ಫೈಲಿನಲ್ಲಿ 45 ನಿಮಿಷದ ಒಂದು ಬದಿ 778 ಎಂಬಿ ಆಗುತ್ತದೆ. 824 ಬದಿಗೆ ಸುಮಾರು 640 ಜಿಬಿ. ಅದರ ಮೇಲೆ ವಿಡಿಯೊ, ಮೊಬೈಲ್ ತುಣುಕು, ಪ್ರಸಂಗಪ್ರತಿಗಳ ಸ್ಕ್ಯಾನು, ಆಟದ ಕರಪತ್ರಗಳು, ಫೋಟೊ. ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಫೈಲು.

ಇಳಿಸುವ ಕೆಲಸ ಚೆನ್ನಾಗಿಯೇ ಆಗಿತ್ತು. ಇಳಿಸಿದ್ದನ್ನು ಹುಡುಕುವುದರಲ್ಲಿ ಎಲ್ಲ ಕೆಟ್ಟಿತು.

ಸಂಜೆ ಹೊತ್ತಿಗೆ ಸಿದ್ದಾಪುರದಿಂದ ಯಾರೋ ನೆಂಟರು ಫೋನು ಮಾಡುತ್ತಾರೆ: "ತಮಾ, ಚಿಟ್ಟಾಣಿ ಕೀಚಕ ಇದ್ದಾ ನಿಂಗ್ಳತ್ರ?" ಹೆಸರಾಂತ ವೇಷಧಾರಿ ಚಿಟ್ಟಾಣಿಯವರ ಕೀಚಕ ವೇಷದ ಆಟ ಇದೆ ಎಂದು ಎಲ್ಲರಿಗೂ ಗೊತ್ತು. ಎಲ್ಲಿದೆ ಎನ್ನುವುದು ಆ ಫೈಲನ್ನು ಇಟ್ಟವರ ಅಂದಿನ ಮನಸ್ಸಿಗೆ ಮಾತ್ರ ಗೊತ್ತು. ಮೊದಲಿಗೆ ಮೇಳದ, ಅಂದರೆ ಆಟ ಆಡುವ ತಂಡದ, ಹೆಸರಿನಲ್ಲಿ ಫೋಲ್ಡರ್ ಮಾಡಿದ್ದರು. ಕೇಳುವವರು ಯಾರೂ ಮೇಳದ ಹೆಸರು ಹೇಳಿ ಕೇಳುವುದಿಲ್ಲ, ಪ್ರಸಂಗ, ಅಂದರೆ ಆಡಿದ ಕಥೆ, ಹೇಳಿ ಕೇಳುತ್ತಾರೆ. ಹಾಗಾಗಿ ಪ್ರಸಂಗದ ಫೋಲ್ಡರುಗಳು ಹುಟ್ಟಿದವು. ಆಮೇಲೆ ವೇಷಧಾರಿಯ ಹೆಸರಿನವು. ಆಟಕ್ಕೆ ಹಾಡುವ ಭಾಗವತರ ಪದ್ಯವಷ್ಟೇ ಬೇಕೆನ್ನುವವರಿಗೆ ಭಾಗವತರ ಫೋಲ್ಡರು. ಒಂದೇ ಆಟವನ್ನು ನಾಲ್ಕೂ ಕಡೆ ಕಾಪಿ ಹೊಡೆದು 640 ಜಿಬಿ ಹೋಗಿ 2 ಟಿಬಿ ಡಿಸ್ಕ್ ತುಂಬಿತು. ಜಾಗ ಮಾಡಲು 'ಡೂಪ್ಲಿಕೇಟ್' ಎಂದು ಅಳಿಸಿದ್ದರಲ್ಲಿ ಎರಡು ಬದಿಗಳಿಗೆ ಬೇರೆಲ್ಲೂ ಪ್ರತಿ ಇರಲೇ ಇಲ್ಲ. ಕ್ಯಾಸೆಟ್ ಉಳಿದಿದ್ದರಿಂದ ಮತ್ತೆ ಇಳಿಸಿಕೊಂಡರು, ಆ ಮಾತು ಬೇರೆ.

ಇಲ್ಲಿ ತಪ್ಪಿದ್ದು ಶಿಸ್ತಲ್ಲ. ಫೋಲ್ಡರ್ ಎಂಬುದು ಒಂದೇ ಪ್ರಶ್ನೆಗೆ ಒಂದೇ ಉತ್ತರ ಇಟ್ಟುಕೊಳ್ಳುವ ಏರ್ಪಾಡು: ಇದು ಯಾವುದರ ಒಳಗಿದೆ? ಕಂದಾಯ ರಸೀದಿಗೆ, ಅಡಿಕೆ ಮಾರಿದ ಪಟ್ಟಿಗೆ ಅದು ಸಾಕು. ವರ್ಷದ ಫೋಲ್ಡರಿನಲ್ಲಿ ಹಾಕಿದರೆ ಮುಗಿಯಿತು. ಒಂದು ರಾತ್ರಿಯ ಆಟ ಯಾವುದರ ಒಳಗೂ ಇರುವುದಿಲ್ಲ. ಅದಕ್ಕೆ ಮೇಳ ಇದೆ, ಊರು ಇದೆ, ತಾರೀಕು ಇದೆ, ಒಂದೋ ಎರಡೋ ಪ್ರಸಂಗ ಇದೆ, ಹಾಡುವ, ಬಾರಿಸುವ ಹಿಮ್ಮೇಳದ ನಾಲ್ಕು ಜನ, ವೇಷ ಹಾಕುವ ಮುಮ್ಮೇಳದ ಹತ್ತು ಜನ. ಅವರಲ್ಲಿ ಪ್ರತಿಯೊಬ್ಬರೂ ಬೇರೆ ನೂರು ಆಟಗಳಲ್ಲಿಯೂ ಇದ್ದಾರೆ. ಇದು ಮರದ ಕೊಂಬೆಯಂತೆ ಕವಲೊಡೆಯುವ ಲೆಕ್ಕವಲ್ಲ, ಬಲೆಯ ಲೆಕ್ಕ.

ಮೊದಲ ಎರಡು ಪ್ರಯತ್ನ

ಶಾರ್ಟ್‌ಕಟ್ ಮಾಡಿ ನೋಡಿದರು. ಫೈಲ್ ಒಂದೇ ಕಡೆ, ಉಳಿದ ಫೋಲ್ಡರುಗಳಲ್ಲಿ ಅದರ ಶಾರ್ಟ್‌ಕಟ್. ಮೂರು ತಿಂಗಳು ನಡೆಯಿತು. ಒಂದು ದಿನ ಪೆನ್‌ಡ್ರೈವ್ ಸಿಕ್ಕಿಸಿಟ್ಟೇ ಹಾರ್ಡ್ ಡಿಸ್ಕ್ ಜೋಡಿಸಿದಾಗ ವಿಂಡೋಸ್ ಡಿಸ್ಕಿಗೆ ಬೇರೆ ಡ್ರೈವ್ ಅಕ್ಷರ ಕೊಟ್ಟಿತು, ಶಾರ್ಟ್‌ಕಟ್‌ಗಳೆಲ್ಲ ಸತ್ತವು. ಶಾರ್ಟ್‌ಕಟ್ ತನ್ನೊಳಗೆ ಬರೆದಿಟ್ಟುಕೊಳ್ಳುವುದು ಡ್ರೈವಿನಿಂದ ಶುರುವಾಗುವ ಪೂರ್ತಿ ವಿಳಾಸ. ಈ ಪಾಠ ಮುಂದೆ ಡೇಟಾಬೇಸಿನಲ್ಲೂ ಬೇಕಾಯಿತು: ಅಲ್ಲಿ ಡ್ರೈವಿನ ಅಕ್ಷರ ಬರೆಯಲೇ ಇಲ್ಲ. ಸಂಗ್ರಹದ ಮೂಲ ಫೋಲ್ಡರ್ ಎಲ್ಲಿದೆ ಎಂಬುದನ್ನು ಒಂದೇ ಜಾಗದಲ್ಲಿಟ್ಟು, ಫೈಲಿನ ಸಾಲಿನಲ್ಲಿ ಅಲ್ಲಿಂದ ಮುಂದಿನ ದಾರಿಯಷ್ಟೇ.

ಎರಡನೆಯದು ಎಕ್ಸೆಲ್. ಒಂದು ಸಾಲಿಗೆ ಒಂದು ಆಟ, 'ಕಲಾವಿದರು' ಎಂಬ ಕಾಲಂನಲ್ಲಿ ಅಲ್ಪವಿರಾಮ ಹಾಕಿ ಎಲ್ಲರ ಹೆಸರು. ನೋಡಲು ಚಂದ, ಸೋಸಲು ಆಗದು. ಒಬ್ಬರದೇ ಹೆಸರು ಮೂರು ಬಗೆಯಲ್ಲಿ ಬಿದ್ದಿತ್ತು; ಯಾರು ಯಾವ ವೇಷ ಮಾಡಿದರು ಎನ್ನಲು ಆವರಣದೊಳಗೆ ಆವರಣ ಬೇಕಾಯಿತು. ಆದರೂ ಈ ಹಾಳೆ ವ್ಯರ್ಥವಾಗಲಿಲ್ಲ. ಯಾವ ಕಾಲಂನಲ್ಲಿ ಅಲ್ಪವಿರಾಮ ತುಂಬಿದೆಯೋ ಅದಕ್ಕೆ ತನ್ನದೇ ಟೇಬಲ್ ಬೇಕು ಎಂದು ಎತ್ತಿ ತೋರಿಸುವುದು ಇಂಥ ಹಾಳೆಯೇ. ಡೇಟಾಬೇಸಿಗೆ ಹೋಗುವ ಮೊದಲು ಎಲ್ಲರೂ ಒಂದು ಸಲ ಇದನ್ನು ಮಾಡಿ ಕೆಡುವುದು ಒಳ್ಳೆಯದು.

ಫೈಲನ್ನು ಎಲ್ಲಿಟ್ಟರು

ಕೆಲಸ ಕೈಗೆತ್ತಿಕೊಂಡವಳು ಮೊಮ್ಮಗಳು. ಮೊದಲು ಹಳೆಯ ಡಿಸ್ಕನ್ನು ಹಾಗೆಯೇ ಹೊಸ ಡಿಸ್ಕಿಗೆ ನಕಲು ಮಾಡಿ ಹಳೆಯದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಹೊಸ ಡಿಸ್ಕಿನ ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಹ್ಯಾಶ್ ತೆಗೆದಳು. ಹ್ಯಾಶ್ ಅಂದರೆ ಫೈಲಿನ ಒಳಗಿನ ಬೈಟುಗಳಿಂದ ಲೆಕ್ಕ ಹಾಕಿದ ಬೆರಳಚ್ಚು. ಹೆಸರು ಬದಲಿಸಿದರೂ ಅದು ಬದಲಾಗದು, ಒಳಗೆ ಒಂದು ಬಿಟ್ ಬದಲಾದರೂ ಪೂರ್ತಿ ಬೇರೆಯಾಗುತ್ತದೆ. ಒಂದೇ ಹ್ಯಾಶ್ ಇದ್ದವೆಲ್ಲ ನಿಜವಾದ ನಕಲುಗಳು, ಕಣ್ಣು ಮುಚ್ಚಿ ಒಂದನ್ನಷ್ಟೇ ಉಳಿಸಬಹುದು. ಆದರೆ ಒಂದೇ ಕ್ಯಾಸೆಟ್ಟನ್ನು ಎರಡು ಸಲ ಇಳಿಸಿದ್ದರೆ, ಅಥವಾ ಒಂದು ವೇವ್, ಅದರದೇ ಎಂಪಿ3 ಇದ್ದರೆ, ಹ್ಯಾಶ್ ಬೇರೆಯೇ ಬರುತ್ತದೆ. ಅವನ್ನು ಕಿವಿಯೇ ಹಿಡಿಯಬೇಕು.

ಉಳಿದ ಪ್ರತಿ ಫೈಲಿಗೂ ಏಳು ಅಂಕಿಯ ಒಂದು ಸಂಖ್ಯೆ. 0000412 ಎಂಬ ಫೈಲು, 0000 ಎಂಬ ಫೋಲ್ಡರಿನಲ್ಲಿ, ಸಾವಿರಕ್ಕೊಂದು ಫೋಲ್ಡರ್. ಹೆಸರಿನಲ್ಲಿ ಪ್ರಸಂಗವಿಲ್ಲ, ಕಲಾವಿದರಿಲ್ಲ, ತಾರೀಕೂ ಇಲ್ಲ. ಮನೆಯವರಿಗೆ ಎಲ್ಲಕ್ಕಿಂತ ಕಸಿವಿಸಿಯಾದದ್ದು ಇಲ್ಲಿಯೇ. 'ಹೆಸರಿಲ್ಲದಿದ್ದರೆ ಗುರುತು ಹಿಡಿಯುವುದು ಹೇಗೆ?' ಎಂಬ ಪ್ರಶ್ನೆ ಸಹಜ. ಆದರೆ ಹೆಸರಿನಲ್ಲಿ ಅರ್ಥ ತುಂಬಿದರೆ ಆ ಅರ್ಥ ತಪ್ಪೆಂದು ತಿಳಿದ ದಿನ ಹೆಸರು ಬದಲಿಸಬೇಕು. ಬದಲಿಸಿದರೆ ಅದನ್ನು ನಂಬಿಕೊಂಡ ಪಟ್ಟಿಗಳೆಲ್ಲ ಮುರಿಯುತ್ತವೆ. ಸಂಖ್ಯೆಗೆ ಆ ಕಾಟವಿಲ್ಲ.

ಉದ್ದ ಕನ್ನಡ ಹೆಸರಿಗೆ ಇನ್ನೊಂದು ತೊಡಕು ಇತ್ತು, ಅದು ಗೊತ್ತಾದದ್ದು ಲಿನಕ್ಸ್ ಇರುವ ಪೆಟ್ಟಿಗೆಗೆ ಬ್ಯಾಕಪ್ ತೆಗೆಯುವಾಗ. ಅಲ್ಲಿ ಫೈಲಿನ ಹೆಸರಿಗೆ ಮಿತಿ 255 ಬೈಟ್. ಯುಟಿಎಫ್-8ರಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್. 'ಶ್ರೀಕೃಷ್ಣ' ಓದುವಾಗ ಮೂರು ಅಕ್ಷರ. ಕಂಪ್ಯೂಟರಿಗೆ ಒಂಬತ್ತು ಸಂಕೇತ, 27 ಬೈಟ್. ಅಂದರೆ ಒಟ್ಟು 85 ಸಂಕೇತ ಮೀರಿದರೆ ಹೆಸರು ಹಿಡಿಸುವುದಿಲ್ಲ. ವಿಂಡೋಸ್‌ನಲ್ಲಿ ಇದೇ ಹೆಸರು ಸರಾಗವಾಗಿ ಕೂರುತ್ತದೆ, ಏಕೆಂದರೆ ಅಲ್ಲಿ ಎಣಿಸುವುದು ಬೈಟನ್ನಲ್ಲ. ಹಾಗಾಗಿ ಮೂಲದಲ್ಲಿ ಎಲ್ಲವೂ ಸರಿ ಇದ್ದು, ಬ್ಯಾಕಪ್ಪಿನಲ್ಲಿ ಮಾತ್ರ ನೂರಾರು ಫೈಲು ಬಿಟ್ಟುಹೋಗಿದ್ದವು.

ಟೇಬಲ್‌ಗಳು

ಡೇಟಾಬೇಸಿಗೆ ಆರಿಸಿಕೊಂಡ ತಂತ್ರಾಂಶ ಎಸ್‌ಕ್ಯೂಲೈಟ್, ಅದನ್ನು ತೆರೆಯಲು ಡಿಬಿ ಬ್ರೌಸರ್ ಎಂಬ ಉಚಿತ ತಂತ್ರಾಂಶ. ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲು. 2000ದಲ್ಲಿ ಮೊದಲು ಬಂದ ಇದು ಸಾರ್ವಜನಿಕ ಸ್ವತ್ತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಾಂಶ ಕಾಪಿಡಲು ಶಿಫಾರಸು ಮಾಡುವ ರೂಪಗಳಲ್ಲಿ ಇದೂ ಒಂದು. ಧ್ವನಿಯನ್ನು ಡೇಟಾಬೇಸಿನೊಳಗೆ ತುರುಕಲಿಲ್ಲ. ಧ್ವನಿ ಡಿಸ್ಕಿನಲ್ಲಿ, ಅದರ ವಿವರ ಮಾತ್ರ ಟೇಬಲಿನಲ್ಲಿ. ಎಲ್ಲ ತುಂಬಿದ ಮೇಲೂ ಡೇಟಾಬೇಸ್ 6 ಎಂಬಿ ದಾಟಲಿಲ್ಲ, ಒಂದು ಬದಿ ಕ್ಯಾಸೆಟ್ಟಿನ ನೂರರಲ್ಲೊಂದು ಪಾಲೂ ಅಲ್ಲ.

ಮೊದಲ ನಕ್ಷೆಯಲ್ಲಿ 23 ಟೇಬಲ್ ಇದ್ದವು. ರಾಗ, ತಾಳ, ವೇಷಭೂಷಣ, ಪ್ರಸಂಗಕರ್ತ, ಆಟ ಆಡಿಸಿದವರು, ಹೀಗೆ. ಒಂದು ಆಟ ತುಂಬಿಸಲು ಮುಕ್ಕಾಲು ಗಂಟೆ ಹಿಡಿದು ಮೂರನೆಯ ದಿನಕ್ಕೆ ಕೆಲಸ ನಿಂತಿತು. ಯಾರೂ ಫೋನು ಮಾಡಿ ಕೇಳದ ಸಂಗತಿಗೆ ಕಾಲಂ ಮಾಡಬಾರದು ಎಂಬ ಲೆಕ್ಕದಲ್ಲಿ ಅದು ಒಂಬತ್ತಕ್ಕೆ ಇಳಿಯಿತು. ಆಟ, ಪ್ರಸಂಗ, ವ್ಯಕ್ತಿ, ಸ್ಥಳ, ಫೈಲ್: ಇವು ಐದು ವಸ್ತುಗಳು. ಇವುಗಳನ್ನು ಹೆಣೆಯುವ ಮೂರು ಜೋಡಣೆ ಟೇಬಲ್. ಮತ್ತೆ 'ಹೆಸರು' ಎಂಬ ಒಂದು, ಅದರ ಮಾತು ಮುಂದೆ ಬರುತ್ತದೆ. ಮೇಳಕ್ಕೂ ಬೇರೆ ಟೇಬಲ್ ಇರಬೇಕಿತ್ತು. ಹತ್ತಾರು ಮೇಳ ಮಾತ್ರ ಇದ್ದುದರಿಂದ ಆಯ್ಕೆಪಟ್ಟಿಯಲ್ಲೇ ಮುಗಿಸಿದರು. ದೊಡ್ಡ ಸಂಗ್ರಹದವರು ಹೀಗೆ ಮಾಡಬಾರದು.

ಜೋಡಣೆಯಲ್ಲಿ ಒಂದು ತಪ್ಪು ಆಯಿತು, ಅದು ಎಲ್ಲರಿಗೂ ಆಗುವ ತಪ್ಪು. ವೇಷಧಾರಿಯನ್ನು ನೇರವಾಗಿ ಆಟಕ್ಕೆ ಜೋಡಿಸಿದ್ದರು: ಇಂಥ ಆಟದಲ್ಲಿ ಇಂಥವರು, ಇಂಥ ವೇಷ. ಜೋಡಿ ಪ್ರಸಂಗದ ರಾತ್ರಿ ಬಂದ ಕೂಡಲೇ ಅದು ಕೆಟ್ಟಿತು. ಮೊದಲು ಕೀಚಕ ವಧೆ, ನಡುರಾತ್ರಿ ಕಳೆದ ಮೇಲೆ ಗದಾಯುದ್ಧ. ಹುಡುಕಿದರೆ ಗದಾಯುದ್ಧದಲ್ಲೂ ಕೀಚಕ ಕಾಣಿಸಿಕೊಂಡ. ವೇಷ ಸೇರಬೇಕಾದದ್ದು ಆಟಕ್ಕಲ್ಲ, ಆ ಆಟದಲ್ಲಿ ಆಡಿದ ಆ ಪ್ರಸಂಗಕ್ಕೆ. ಆಟ–ಪ್ರಸಂಗ ಎಂಬ ಜೋಡಣೆ ಸಾಲಿಗೇ ಒಂದು ಸಂಖ್ಯೆ ಕೊಟ್ಟು, ವೇಷಧಾರಿಗಳನ್ನೂ ಹಿಮ್ಮೇಳವನ್ನೂ ಅದಕ್ಕೆ ಕಟ್ಟಿದ ಮೇಲೆ ಸರಿಹೋಯಿತು.

ಆಟ–ಫೈಲ್ ಜೋಡಣೆಯಲ್ಲಿ ಮೂರು ಕಾಲಂ: ಕ್ರಮಸಂಖ್ಯೆ, ಶುರುವಿನ ನಿಮಿಷ, ಕೊನೆಯ ನಿಮಿಷ. ಒಂದು ಆಟಕ್ಕೆ ಆರು ಕ್ಯಾಸೆಟ್ ಎಂದರೆ ಹನ್ನೆರಡು ಬದಿ, ಹನ್ನೆರಡು ಸಾಲು. ಕೊನೆಯ ಬದಿಯಲ್ಲಿ ಜಾಗ ಉಳಿದಿದ್ದರೆ ಅಜ್ಜ ಮುಂದಿನ ವಾರದ ತಾಳಮದ್ದಳೆಯನ್ನು ಅಲ್ಲಿಂದಲೇ ಶುರು ಮಾಡಿದ್ದಾರೆ. ಆಗ ಒಂದೇ ಫೈಲಿಗೆ ಎರಡು ಸಾಲು, 0ರಿಂದ 28 ನಿಮಿಷ ಒಂದು ಆಟಕ್ಕೆ, 28ರಿಂದ 45 ಇನ್ನೊಂದಕ್ಕೆ. ಫೋಲ್ಡರಿನಲ್ಲಿ ಇದನ್ನು ಹೇಳುವ ದಾರಿಯೇ ಇಲ್ಲ, ಫೈಲನ್ನು ಕತ್ತರಿಸಬೇಕಾಗುತ್ತದೆ. ಕರಪತ್ರದ ಸ್ಕ್ಯಾನೂ ಫೋಟೊವೂ ಇದೇ ಟೇಬಲಿನಲ್ಲಿ ಸೇರುವುದರಿಂದ ಒಂದು ಆಟ ತೆರೆದರೆ ಧ್ವನಿ, ಚಿತ್ರ, ಕರಪತ್ರ ಒಟ್ಟಿಗೇ ಬರುತ್ತವೆ.

ಒಂದು ಲೇಬಲ್ಲು

ಕ್ಯಾಸೆಟ್ಟಿನ ಕಾಗದದ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಹೀಗಿದೆ: 'ಗದಾಯುದ್ಧ. ಶಂಭು. ನೆಬ್ಬೂರು. 3/6'.

ಇದನ್ನು ಸಾಲಾಗಿ ಇಳಿಸಬೇಕು. ಗದಾಯುದ್ಧ ಪ್ರಸಂಗ, ಅದರಲ್ಲಿ ಸಂಶಯವಿಲ್ಲ. 'ನೆಬ್ಬೂರು' ಶಿರಸಿ ತಾಲೂಕಿನ ಊರು, ಆದರೆ ಈ ಜಾಗದಲ್ಲಿ ಬರೆದರೆ ಭಾಗವತ ನೆಬ್ಬೂರು ನಾರಾಯಣರು ಎಂದೇ ಅರ್ಥ ಮಾಡಿಕೊಳ್ಳುತ್ತೇವೆ. ಆಟ ನೆಬ್ಬೂರಿನಲ್ಲೇ ಆಗಿರಬಹುದು ಎಂಬ ಸಾಧ್ಯತೆ ಮಾತ್ರ ಪೂರ್ತಿ ಹೋಗುವುದಿಲ್ಲ. 'ಶಂಭು' ವೇಷಧಾರಿ ಕೆರೆಮನೆ ಶಂಭು ಹೆಗಡೆಯವರಿರಬೇಕು. 3/6? ಜೂನ್ ಮೂರೋ, ಆರರಲ್ಲಿ ಮೂರನೆಯ ಕ್ಯಾಸೆಟ್ಟೋ? ಜೂನ್ ತಿಂಗಳಲ್ಲಿ ಘಟ್ಟದ ಮೇಲೆ ಬಯಲಾಟ ಎಲ್ಲಿ, ಮಳೆ ಹಿಡಿದಿರುತ್ತದೆ. ಹಾಗಾದರೆ ಆರರಲ್ಲಿ ಮೂರು. ಆದರೆ ತಾಳಮದ್ದಳೆಯಾದರೆ ಜೂನಿನಲ್ಲೇ ಕಾಲ. ಮೊಮ್ಮಗಳು ಫೈಲನ್ನು ಹಚ್ಚಿ ಅಜ್ಜನ ಕಿವಿಗೆ ಹೆಡ್‌ಫೋನ್ ಇಟ್ಟಳು. ಅರ್ಧ ನಿಮಿಷ ಕೇಳಿ ಅಜ್ಜ ಹೇಳಿದ್ದು: "ಗೆಜ್ಜೆ ಕೇಳ್ತು ಕೂಸೆ, ಆಟನೇಯಾ." ಗೆಜ್ಜೆ ಇದೆ ಎಂದರೆ ಕುಣಿತ ಇದೆ, ಕುಣಿತ ಇದ್ದರೆ ತಾಳಮದ್ದಳೆ ಅಲ್ಲ. 3/6 ಎಂದರೆ ಆರರಲ್ಲಿ ಮೂರನೆಯದು.

ಈ ವಾದವೆಲ್ಲ ಎಲ್ಲಿ ಹೋಗುತ್ತದೆ? ಪ್ರತಿ ಜೋಡಣೆ ಸಾಲಿಗೂ 'ಆಧಾರ' ಎಂಬ ಕಾಲಂ ಇದೆ: ಲೇಬಲ್, ಕರಪತ್ರ, ಕೇಳಿ ಗುರುತಿಸಿದ್ದು, ನೆನಪು. ಇನ್ನೊಂದು ಕಾಲಂ 'ಖಚಿತತೆ': ಖಚಿತ, ಇರಬಹುದು, ಗೊತ್ತಿಲ್ಲ. ಶಂಭು ಹೆಗಡೆಯವರ ಸಾಲಿನಲ್ಲಿ ಆಧಾರ 'ಲೇಬಲ್', ಖಚಿತತೆ 'ಇರಬಹುದು'. ಒಂದೇ ಮನೆತನದ ಹೆಸರು ಹೊತ್ತವರು ಹಲವರಿದ್ದಾಗ ಈ ಎಚ್ಚರ ಬೇಕೇ ಬೇಕು. 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆ, ಆಮೇಲೆ ಶಂಭು ಹೆಗಡೆ, ಮಹಾಬಲ ಹೆಗಡೆ, ಗಜಾನನ ಹೆಗಡೆ, ಈಗ ಶಿವಾನಂದ ಹೆಗಡೆ. ಲೇಬಲ್ಲಿನಲ್ಲಿ ಬರೀ 'ಕೆರೆಮನೆ' ಎಂದಿದ್ದರೆ ಯಾರೆಂದು ಹೇಳುವುದು? ಅಂಥ ಕಡೆ ವ್ಯಕ್ತಿ ಖಾಲಿ, 'ಲೇಬಲ್ಲಿನಲ್ಲಿ ಇದ್ದಂತೆ' ಎಂಬ ಕಾಲಂನಲ್ಲಿ ಇದ್ದ ಪದವಷ್ಟೇ. ಊಹಿಸಿ ತುಂಬಿದ ಹೆಸರು ಆರು ತಿಂಗಳಲ್ಲಿ ಸತ್ಯವಾಗಿ ಕೂತುಬಿಡುತ್ತದೆ, ಖಾಲಿ ಜಾಗ ಮಾತ್ರ ಕೇಳುತ್ತಲೇ ಇರುತ್ತದೆ.

ಹೆಗಡೆ, ಹೆಗ್ಡೆ, ಮತ್ತು ಹೆಗಡೆ ಎಂಬ ಊರು

'ಹೆಸರು' ಟೇಬಲಿನ ಕೆಲಸ ಇದು: ಒಬ್ಬ ವ್ಯಕ್ತಿಗೆ ಎಷ್ಟು ಬಗೆಯ ಬರವಣಿಗೆ ಇದೆಯೋ ಅಷ್ಟೂ ಸಾಲು, ಎಲ್ಲವೂ ಒಂದೇ ವ್ಯಕ್ತಿಸಂಖ್ಯೆಗೆ. ಚಿಟ್ಟಾಣಿ, ಚಿಟ್ಟಾಣಿ ರಾಮಚಂದ್ರ ಹೆಗಡೆ, ಆರ್. ಹೆಗಡೆ ಚಿಟ್ಟಾಣಿ: ಯಾವುದನ್ನು ಬಡಿದರೂ ಅವರೇ ಬರಬೇಕು. ನಮ್ಮ ಕಡೆ ಊರಿನ ಹೆಸರೇ ಕಲಾವಿದರ ಮೊದಲ ಹೆಸರು. ಅಡ್ಡಹೆಸರಿನಿಂದ ಹುಡುಕಿದರೆ ಅರ್ಧ ಜಿಲ್ಲೆ ಹೆಗಡೆ, ಇನ್ನರ್ಧ ಭಟ್. ಹಳೆಯ ಡಿಸ್ಕಿನಲ್ಲಿ 'ಹೆಗಡೆ' ಎಂಬ ಫೋಲ್ಡರ್ ಇತ್ತು, ಅದರಲ್ಲಿದ್ದದ್ದು ಹೆಗಡೆಯವರ ವೇಷಗಳೆಂದು ಎಲ್ಲರೂ ತಿಳಿದಿದ್ದರು. ಅರ್ಧ ಫೈಲುಗಳು ಕುಮಟಾ ಹತ್ತಿರದ ಹೆಗಡೆ ಊರಿನಲ್ಲಿ ಆದ ಆಟಗಳು.

ಒಂದೇ ಥರ ಕಾಣುವುದನ್ನೆಲ್ಲ ಒಂದು ಮಾಡುವ ಹುಕಿ ಇಲ್ಲಿ ಅಪಾಯ. ಹೆಗಡೆ, ಹೆಗ್ಡೆ ಎಂಬ ವ್ಯತ್ಯಾಸ ಬಹಳ ಸಲ ಬರೆದವರ ಕೈಗುಣ. ಆದರೆ ನಾಯ್ಕ ಮತ್ತು ನಾಯಕ ಈ ಜಿಲ್ಲೆಯಲ್ಲಿ ಎರಡು ಬೇರೆ ಅಡ್ಡಹೆಸರು. ಕಂಪ್ಯೂಟರಿಗೆ 'ಕಾಗುಣಿತ ಸರಿಮಾಡು' ಎಂದರೆ ಇಬ್ಬರು ಬೇರೆ ಮನುಷ್ಯರನ್ನು ಒಬ್ಬರನ್ನಾಗಿ ಮಾಡಿಡುತ್ತದೆ. ಪ್ರಸಂಗದ ಹೆಸರಿಗೂ ಇದೇ ಮಾತು. 'ಕೃಷ್ಣ ಸಂಧಾನ', 'ಶ್ರೀಕೃಷ್ಣ ಸಂಧಾನ' ಒಂದೇ. 'ಭೀಷ್ಮ ವಿಜಯ', 'ಭೀಷ್ಮ ಪರ್ವ' ಒಂದಲ್ಲ. ಮೊದಲನೆಯದರಲ್ಲಿ ಅಂಬೆ, ಪರಶುರಾಮ, ಎರಡನೆಯದರಲ್ಲಿ ಕುರುಕ್ಷೇತ್ರ. ಇದನ್ನು ಬಲ್ಲವರು ಕೂತು ಮಾಡಬೇಕು. ಈ ಮನೆಯಲ್ಲಿ ಅಜ್ಜ ಇದ್ದದ್ದೇ ಪುಣ್ಯ. ಇಡೀ ಕೆಲಸದಲ್ಲಿ ಎಸ್‌ಕ್ಯೂಲೈಟಿಗಿಂತ ಹೆಚ್ಚು ಬೇಕಾದದ್ದು ಅವರೇ.

ತಾರೀಕು

ಆಟ ರಾತ್ರಿ ಶುರುವಾಗಿ ಬೆಳಗ್ಗೆ ಮುಗಿಯುತ್ತದೆ. ಲೇಬಲ್ಲಿನಲ್ಲಿ ಅಜ್ಜ ಕೆಲವೊಮ್ಮೆ ಹೊರಟ ದಿನ, ಕೆಲವೊಮ್ಮೆ ಮನೆಗೆ ಬಂದ ದಿನ ಬರೆದಿದ್ದಾರೆ. ನಿಯಮ ಒಂದೇ: ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಪೂಜೆ ಆದ ಸಂಜೆಯ ತಾರೀಕು. ತಾರೀಕಿಗೆ ಮೂರು ಕಾಲಂ: ಇದ್ದಂತೆ ಬರೆದ ಪಠ್ಯ ('88ರ ಶಿವರಾತ್ರಿ ಆಚೀಚೆ'), ಬೇಗ ಎಂದರೆ ಯಾವತ್ತು, ತಡ ಎಂದರೆ ಯಾವತ್ತು. ಬರೀ ವರ್ಷ ಗೊತ್ತಿದ್ದರೆ ಜನವರಿ 1ರಿಂದ ಡಿಸೆಂಬರ್ 31. ಸುಳ್ಳು ತಾರೀಕು ಹಾಕುವುದಕ್ಕಿಂತ ಅಗಲವಾದ ನಿಜ ಮೇಲು. ಹುಡುಕುವಾಗಲೂ 'ಈ ಎರಡು ದಿನಗಳ ನಡುವೆ' ಎಂದು ಕೇಳಿದರೆ ಅದು ಸಿಕ್ಕಿಯೇ ಸಿಗುತ್ತದೆ. ಮೇಳದ ತಿರುಗಾಟ ಒಂದು ವರ್ಷದ ಕೊನೆಗೆ ಹೊರಟು ಮುಂದಿನ ವರ್ಷದ ಮಳೆಗೆ ನಿಲ್ಲುವುದರಿಂದ '1987–88' ಎಂದು ತಿರುಗಾಟಕ್ಕೇ ಒಂದು ಕಾಲಂ.

ಫೈಲಿನ ಮೇಲೆ ಕಂಪ್ಯೂಟರು ತೋರಿಸುವ ದಿನಾಂಕವನ್ನು ಎಲ್ಲೂ ನಂಬಲಿಲ್ಲ. ಅದು ಇಳಿಸಿದ ಅಥವಾ ಕಾಪಿ ಮಾಡಿದ ದಿನ. ವಾಟ್ಸ್‌ಆ್ಯಪ್‌ನಲ್ಲಿ ಬಂದ ತುಣುಕಿನ ಹೆಸರಿನಲ್ಲಿರುವ ಎಂಟು ಅಂಕಿಯೂ ಆಟದ ದಿನವಲ್ಲ, ತುಣುಕು ಆ ಮೊಬೈಲಿಗೆ ಬಂದ ದಿನ. ಇಂಥವನ್ನು ಹಿಡಿಯಲು ಒಂದು ಸರಳ ಪರೀಕ್ಷೆ ಇದೆ. ವ್ಯಕ್ತಿ ಟೇಬಲಿನಲ್ಲಿ ನಿಧನದ ವರ್ಷ ಹಾಕಿ: ಭಾಗವತ ಕಾಳಿಂಗ ನಾವಡರು 1990, ಶಂಭು ಹೆಗಡೆಯವರು 2009, ಚಿಟ್ಟಾಣಿಯವರು 2017. ಆಮೇಲೆ ಡೇಟಾಬೇಸಿಗೆ ಒಂದೇ ಪ್ರಶ್ನೆ: ನಿಧನದ ವರ್ಷಕ್ಕಿಂತ ಈಚಿನ ಆಟದಲ್ಲಿ ಯಾರಾದರೂ ಇದ್ದಾರೆಯೇ? ಮೊದಲ ದಿನವೇ ಉದ್ದ ಪಟ್ಟಿ ಬಂತು. ಹೆಚ್ಚಿನವು ವಾಟ್ಸ್‌ಆ್ಯಪ್ ತಾರೀಕು, ಕೆಲವು ಹೆಸರು ತಪ್ಪಿದವು. ಫೋಲ್ಡರಿಗೆ ಇಂಥ ಪ್ರಶ್ನೆ ಕೇಳಲು ಬಾಯಿಯೇ ಇಲ್ಲ.

ಹುಡುಕಾಟ ಏಕೆ ಕೈಕೊಟ್ಟಿತು

ಎಲ್ಲ ತುಂಬಿ 'ಹೊನ್ನಾವರ' ಎಂದು ಹುಡುಕಿದರೆ ಅರ್ಧ ಆಟಗಳಷ್ಟೇ ಬಂದವು. ಪರದೆಯ ಮೇಲೆ ಎಲ್ಲ ಹೊನ್ನಾವರವೂ ಒಂದೇ ಥರ. ಒಳಗೆ ಬೇರೆ. 'ಹೊ'ದಲ್ಲಿರುವ ಒಕಾರದ ಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. 'ಮೇಳ'ದ ಏಕಾರಕ್ಕೂ ಇದೇ ಕತೆ: ಒಂದು ಸಂಕೇತ, ಇಲ್ಲವೇ ಎಕಾರದ ಜೊತೆ ದೀರ್ಘದ ಚಿಹ್ನೆ. ಬೇರೆ ಬೇರೆ ಕೀಬೋರ್ಡು, ಪರಿವರ್ತಕಗಳಿಂದ ಬಂದ ಪಠ್ಯದಲ್ಲಿ ಎರಡೂ ಸೇರಿಹೋಗಿದ್ದವು. ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ಇದು ಮುಗಿಯುತ್ತದೆ. ಅದಾದ ಮೇಲೂ ಉಳಿಯುವುದು ಕಾಣದ ಅಕ್ಷರ: 'ಭಟ್' ಎಂದು ಬರೆದು ಕೊನೆಗೆ ಒತ್ತಕ್ಷರ ತಪ್ಪಿಸುವ ಶೂನ್ಯಜಾಗದ ಸಂಕೇತ ಹಾಕಿದ್ದರೆ, ಅದು ಹಾಕದ 'ಭಟ್'ಗೆ ಹೊಂದುವುದಿಲ್ಲ. ಇದನ್ನು ಮೂಲ ಪಠ್ಯದಿಂದ ತೆಗೆಯಬಾರದು, 'ರೆಕಾರ್ಡ್‌ನಲ್ಲಿ' ಎಂಬಂಥ ಪದದ ರೂಪವೇ ಕೆಡುತ್ತದೆ. ಪಕ್ಕದಲ್ಲಿ 'ಶೋಧರೂಪ' ಎಂಬ ಇನ್ನೊಂದು ಕಾಲಂ ಮಾಡಿ, ಅಲ್ಲಿ ಮಾತ್ರ ಎನ್‌ಎಫ್‌ಸಿ ಮಾಡಿ, ಕಾಣದ ಸಂಕೇತ ತೆಗೆದು, ಮುಂದಿನ 'ಶ್ರೀ'ಯನ್ನೂ ಕಳಚಿಟ್ಟರು. ಶ್ರೀ ಉಳಿದರೆ ಅರ್ಧ ಪ್ರಸಂಗಗಳು ಶಕಾರದ ಅಡಿಯಲ್ಲೇ ಸೇರಿಕೊಳ್ಳುತ್ತವೆ.

ಅಜ್ಜನ ಹಳೆಯ ಟಿಪ್ಪಣಿಗಳನ್ನು ಯಾರೋ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಯುನಿಕೋಡಿಗಿಂತ ಹಿಂದಿನ ಫಾಂಟಿನಲ್ಲಿ, ಟೈಪು ಮಾಡಿಕೊಟ್ಟಿದ್ದರು. ಪರಿವರ್ತಕಕ್ಕೆ ಪೂರ್ತಿ ಹಾಳೆ ಕೊಟ್ಟರೆ ಇಂಗ್ಲಿಷ್ ಅಕ್ಷರಗಳನ್ನೂ ಕನ್ನಡವೆಂದು ತಿರುಗಿಸಿ ಹಾಳು ಮಾಡುತ್ತದೆ. ಕನ್ನಡವಷ್ಟೇ ಇರುವ ಕಾಲಂಗಳನ್ನು ಬೇರೆ ಮಾಡಿ ತಿರುಗಿಸಬೇಕು.

ನಿಜವಾಗಿ ತಲೆ ತಿಂದದ್ದು ಟಿಪ್ಪಣಿಗಳೊಳಗಿನ ಪದಶೋಧ. ಎಸ್‌ಕ್ಯೂಲೈಟಿನ ಎಫ್‌ಟಿಎಸ್5 ಎಂಬ ಪದಶೋಧ ಸೌಲಭ್ಯ ಹಾಕಿ 'ಭೀಮ' ಎಂದು ಹುಡುಕಿದರೆ ಭಾಮೆಯೂ ಬಂದಳು, ಭೂಮಿಯೂ ಬಂದಿತು. ಕಾರಣ ಹೀಗೆ: ಅದರ ಸಹಜ ಪದವಿಭಾಜಕ ಅಕ್ಷರ ಮತ್ತು ಅಂಕಿ ವರ್ಗದ ಸಂಕೇತಗಳನ್ನಷ್ಟೇ ಪದದ ಭಾಗವೆನ್ನುತ್ತದೆ, ಕನ್ನಡದ ಕಾಗುಣಿತ ಚಿಹ್ನೆಗಳು 'ಮಾರ್ಕ್' ವರ್ಗದವು, ಹಾಗಾಗಿ ಅವನ್ನು ಖಾಲಿ ಜಾಗದಂತೆ ಕಂಡು ಪದವನ್ನು ಅಲ್ಲೇ ಮುರಿಯುತ್ತದೆ. ಭೀಮ, ಭಾಮೆ, ಭೂಮಿ ಮೂರೂ ಅದಕ್ಕೆ 'ಭ', 'ಮ'. ಶೋಧದ ಟೇಬಲ್ ಮಾಡುವಾಗಲೇ 'ಕೆಟಗರೀಸ್' ಎಂಬ ಆಯ್ಕೆಯಲ್ಲಿ ಎಂಎನ್, ಎಂಸಿ ಎಂಬ ಎರಡು ಮಾರ್ಕ್ ವರ್ಗಗಳನ್ನು ಸೇರಿಸಿದರೆ ಸರಿಯಾಗುತ್ತದೆ. ಆಮೇಲೆ ಸೇರಿಸಲು ಬರುವುದಿಲ್ಲ, ಟೇಬಲನ್ನು ಹೊಸದಾಗಿ ಕಟ್ಟಬೇಕು. ಮೂರು ಮೂರು ಸಂಕೇತ ಹಿಡಿದು ಹುಡುಕುವ 'ಟ್ರೈಗ್ರಾಂ' ವಿಭಾಜಕವೂ ಇದೆ, ಆದರೆ ಅದಕ್ಕೆ 'ನಳ' ಸಿಗುವುದಿಲ್ಲ. ಅದರಲ್ಲಿ ಇರುವುದೇ ಎರಡು ಸಂಕೇತ. ಭೀಮನ, ಭೀಮನಿಗೆ ಎಂಬ ರೂಪಗಳಿಗೆ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ ಹುಡುಕಿದರಾಯಿತು.

ಡೇಟಾಬೇಸ್ ಕೊಡುವ ಅಕಾರಾದಿಯಲ್ಲಿ ಳಕಾರ ಲ ಮತ್ತು ವ ನಡುವೆ ಕೂರುತ್ತದೆ, ನಮ್ಮ ವರ್ಣಮಾಲೆಯಂತೆ ಹಕಾರದ ಆಚೆ ಅಲ್ಲ. ಅದನ್ನು ಹಾಗೇ ಬಿಟ್ಟರು.

ಮುರಿದದ್ದು, ಕಟ್ಟಿದ್ದು

ಡೇಟಾಬೇಸ್ ಫೈಲನ್ನು ಕ್ಲೌಡ್ ಜೊತೆ ತಾನಾಗಿ ಹೊಂದಿಕೊಳ್ಳುವ ಫೋಲ್ಡರಿನಲ್ಲಿಟ್ಟು ಅಜ್ಜನ ಮಗ ಒಂದು ಕಂಪ್ಯೂಟರಿನಲ್ಲಿ, ಮೊಮ್ಮಗಳು ಇನ್ನೊಂದರಲ್ಲಿ ತೆರೆದರು. ಒಂದೇ ವಾರದಲ್ಲಿ ಎರಡು ಫೈಲುಗಳಾದವು, ಎರಡರಲ್ಲೂ ಬೇರೆ ಬೇರೆ ಹೊಸ ಸಾಲು. ಇದರಲ್ಲಿ ಕ್ಲೌಡಿನ ತಪ್ಪಿಲ್ಲ. ತೆರೆದಿರುವ ಡೇಟಾಬೇಸ್ ಕಾಪಿ ಮಾಡುವ ವಸ್ತುವೇ ಅಲ್ಲ, ಬರೆಯುತ್ತಿರುವ ಹೊತ್ತಿಗೆ ಕಾಪಿ ಆದರೆ ಅರ್ಧಂಬರ್ಧ ಬರುತ್ತದೆ. ಈಗ ತುಂಬಿಸುವುದು ಒಂದೇ ಕಂಪ್ಯೂಟರಿನಲ್ಲಿ. ದಿನದ ಕೊನೆಗೆ ಎಸ್‌ಕ್ಯೂಲೈಟಿನದೇ 'ವ್ಯಾಕ್ಯೂಮ್ ಇಂಟು' ಆಜ್ಞೆಯಿಂದ ತಾರೀಕು ಹಾಕಿದ ಪ್ರತಿ ತೆಗೆದು, ಆ ಪ್ರತಿಯಷ್ಟೇ ಕ್ಲೌಡಿಗೆ. ಮೂವತ್ತು ದಿನದ ಪ್ರತಿಗಳು ಇಟ್ಟರೂ 180 ಎಂಬಿ.

ಧ್ವನಿಯ ಮೂರು ಪ್ರತಿ: ಕೆಲಸದ ಡಿಸ್ಕು, ಕಪಾಟಿನ ಡಿಸ್ಕು, ಅಜ್ಜನ ಮಗಳ ಕಾರವಾರದ ಮನೆಯ ಡಿಸ್ಕು. ಮೂರನೆಯದು ಚೌತಿಗೊಮ್ಮೆ, ದೀಪಾವಳಿಗೊಮ್ಮೆ ಬಂದು ಹೊಸದು ತುಂಬಿಸಿಕೊಂಡು ಹೋಗುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಕಪಾಟಿನ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತಾರೆ, ಸಿಡಿಲಿನ ದಿನ ಯಾವುದನ್ನೂ ಪ್ಲಗ್ಗಿಗೆ ಹಾಕುವುದಿಲ್ಲ. ವರ್ಷಕ್ಕೊಮ್ಮೆ ಎಲ್ಲ ಫೈಲುಗಳ ಹ್ಯಾಶ್ ಮತ್ತೆ ತೆಗೆದು ಟೇಬಲಿನದಕ್ಕೆ ತಾಳೆ ನೋಡುವುದು. ಸೆಕೆಂಡಿಗೆ 100 ಎಂಬಿ ಓದುವ ಡಿಸ್ಕಿಗೆ ಕ್ಯಾಸೆಟ್ಟುಗಳ 640 ಜಿಬಿ ಎಂದರೆ ಎರಡು ಗಂಟೆಯೊಳಗೆ ಮುಗಿಯುವ ಕೆಲಸ.

ಯಾರೋ ಎಕ್ಸ್‌ಪ್ಲೋರರಿನಲ್ಲಿ ನೇರವಾಗಿ ಫೈಲಿನ ಹೆಸರು ಬದಲಿಸಿದರೆ ಡೇಟಾಬೇಸಿಗೆ ಗೊತ್ತಾಗುವುದಿಲ್ಲ, ಇದು ಈ ಪದ್ಧತಿಯ ನಿಜವಾದ ದೌರ್ಬಲ್ಯ. ವಾರಕ್ಕೊಮ್ಮೆ ಡಿಸ್ಕಿನ ಪಟ್ಟಿಯನ್ನೂ ಫೈಲ್ ಟೇಬಲನ್ನೂ ಹೋಲಿಸಿ, ಇಲ್ಲಿದ್ದು ಅಲ್ಲಿಲ್ಲದ್ದು, ಅಲ್ಲಿದ್ದು ಇಲ್ಲಿಲ್ಲದ್ದು ಎರಡೂ ತೆಗೆಯುತ್ತಾರೆ. ಹೆಸರು ಬದಲಾಗಿದ್ದರೆ ಹ್ಯಾಶ್ ಅದನ್ನು ಹುಡುಕಿಕೊಡುತ್ತದೆ.

ಫೋಲ್ಡರ್ ಪೂರ್ತಿ ಹೋಗಲಿಲ್ಲ. ಕಾರಿನಲ್ಲಿ ಕೇಳಲು ಪೆನ್‌ಡ್ರೈವ್ ಬೇಕೆನ್ನುವವರಿಗೆ ಡೇಟಾಬೇಸ್ ನೋಡಿ ಏನಾಗಬೇಕು? ಅವರಿಗಾಗಿ ಒಂದು ಪ್ರಶ್ನೆಯ ಉತ್ತರವನ್ನೇ ಫೋಲ್ಡರಾಗಿ ಇಳಿಸಿಕೊಡುವ ಸಣ್ಣ ಸ್ಕ್ರಿಪ್ಟ್ ಇದೆ: ನೆಬ್ಬೂರರ ಭಾಗವತಿಕೆ ಎಂದರೆ ಆ ಬದಿಗಳನ್ನಷ್ಟೇ ಕ್ರಮವಾಗಿ ಎಂಪಿ3 ಮಾಡಿ, ಹೆಸರಿನ ಮುಂದೆ 01, 02 ಹಾಕಿ ಕೊಡುತ್ತದೆ. ಎಷ್ಟೋ ಕಾರಿನ ಪ್ಲೇಯರುಗಳಲ್ಲಿ ಕನ್ನಡ ಹೆಸರು ಚೌಕಚೌಕವಾಗಿ ಕಾಣುವುದರಿಂದ ಸಂಖ್ಯೆಯೇ ಗತಿ. ಆ ಫೋಲ್ಡರ್ ಕಳೆದರೂ ಅಳಿಸಿದರೂ ನಷ್ಟವಿಲ್ಲ, ಮತ್ತೆ ಕೇಳಿದರೆ ಮತ್ತೆ ಹುಟ್ಟುತ್ತದೆ. ಕೊಡುವ ಮೊದಲು ನೋಡಬೇಕಾದ ಒಂದು ಕಾಲಂ 'ಅನುಮತಿ'. 1957ರ ಹಕ್ಕುಸ್ವಾಮ್ಯ ಕಾಯ್ದೆಯ 38ನೇ ಕಲಮಿನಲ್ಲಿ ಪ್ರದರ್ಶನ ಕೊಟ್ಟ ಕಲಾವಿದರಿಗೂ ಹಕ್ಕಿದೆ. ಮನೆಯಲ್ಲಿ ಕೇಳುವುದು ಬೇರೆ, ಯೂಟ್ಯೂಬಿಗೆ ಏರಿಸುವುದು ಬೇರೆ.

ಗದಾಯುದ್ಧದ ಆ ಆರು ಕ್ಯಾಸೆಟ್‌ಗಳಲ್ಲಿ ಐದನೆಯದು ಟ್ರಂಕಿನಲ್ಲಿ ಇರಲಿಲ್ಲ. ಫೋಲ್ಡರಿನಲ್ಲಿದ್ದಾಗ ಅದು ಯಾರಿಗೂ ತಿಳಿದಿರಲಿಲ್ಲ. ಇಲ್ಲದ ಫೈಲಿಗೆ ಫೋಲ್ಡರಿನಲ್ಲಿ ಜಾಗವಿಲ್ಲ. ಟೇಬಲಿನಲ್ಲಿ ಒಂಬತ್ತು, ಹತ್ತನೆಯ ಬದಿಗೆ ಸಾಲು ಇದೆ, ಫೈಲ್ ಸಂಖ್ಯೆ ಖಾಲಿ. ಇಂಥ ಖಾಲಿ ಸಾಲುಗಳನ್ನೆಲ್ಲ ಸೋಸಿ ಒಂದು ಪುಟ ಮುದ್ರಿಸಿ ಮೊಮ್ಮಗಳು ನೆಂಟರ ಮನೆಗಳಿಗೆ ಕಳಿಸಿದಳು. ಯಲ್ಲಾಪುರ ಕಡೆಯ ಒಂದು ಮನೆಯಿಂದ ಎರಡು ಕ್ಯಾಸೆಟ್ ಬಂದವು. ಒಂದು ಆ ಐದನೆಯದೇ. ಅದರ ಮೊದಲ ಹನ್ನೊಂದು ನಿಮಿಷದ ಮೇಲೆ ಯಾರದೋ ಮದುವೆಯ ಓಲಗ ರೆಕಾರ್ಡ್ ಆಗಿದೆ. ಸಾಲಿನಲ್ಲಿ ಶುರುವಿನ ನಿಮಿಷ 11 ಎಂದು ಬರೆದು, ಓಲಗಕ್ಕೂ ಒಂದು ಸಾಲು ಹಾಕಿದ್ದಾಳೆ, ಖಚಿತತೆ: ಗೊತ್ತಿಲ್ಲ.